ಲೂಪ್ ತೆಗಿ ಅಂತಾರಲ್ಲ, ಯಾವ ಲೂಪು?

ಅಂಕಿಅಂಶದ ಕೆಲಸಕ್ಕೆ ಬಳಸೋ ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಕೋಡ್ ಬರೆಯೋಕೆ ಶುರು ಮಾಡಿದೋರಿಗೆ ಬೀಳೋ ಮೊದಲನೇ ಬೈಗುಳ ಯಾವಾಗ್ಲೂ ಒಂದೇ, "ಯಾಕಪ್ಪಾ ಫಾರ್ ಲೂಪ್ ಹಾಕಿದೀಯ, ವೆಕ್ಟರೈಸ್ ಮಾಡು". ಫಾರ್ ಲೂಪ್ ಅಂದ್ರೆ ಒಂದೇ ಕೆಲಸವನ್ನ ಒಂದೊಂದೇ ನಂಬರಿಗೆ ಮತ್ತೆ ಮತ್ತೆ ಮಾಡಿಸೋ ಕೋಡು. ಸರಿ ತೆಗೆಯೋಣ, ಆದ್ರೆ ವೆಕ್ಟರೈಸ್ ಅಂದ್ರೇನು ಅಂತ ಯಾರೂ ಬಿಡಿಸಿ ಹೇಳಲ್ಲ. ಹಾಗಾಗಿ ಹುಡುಗರು ಫಾರ್ ಅಳಿಸಿ ಆ ಜಾಗಕ್ಕೆ ಸ್ಯಾಪ್ಲೈ ಹಾಕಿ ಕೈ ತೊಳ್ಕೋತಾರೆ, ಆಮೇಲೆ ನೋಡಿದ್ರೆ ಸ್ಪೀಡು ಹೆಚ್ಚುಕಮ್ಮಿ ಮೊದಲಿನಷ್ಟೇ. ಇನ್ನೇನಾಗುತ್ತೆ ಮತ್ತೆ, ಸ್ಯಾಪ್ಲೈ ಕೂಡ ನೀವು ಕೊಟ್ಟ ಫಂಕ್ಷನ್ನನ್ನ ಒಂದೊಂದು ಎಲಿಮೆಂಟಿಗೂ ಒಂದೊಂದ್ಸಲ ಕರೆಯುತ್ತೆ ಅಷ್ಟೇ. ವೆಕ್ಟರೈಸ್ ಅನ್ನೋ ಹೆಸರಿನದೇ ಒಂದು ಫಂಕ್ಷನ್ ಇದೆ, ಅದರ ಹೊಟ್ಟೆಯೊಳಗೂ ಇರೋದು ಸ್ಯಾಪ್ಲೈ ಥರದ್ದೇ ಆದ ಎಂಆಪ್ಲೈ.

ನಿಜವಾದ ಡೇಟಾ ಇಟ್ಕೊಂಡು ಮಾತಾಡೋಣ. ಹವಾಮಾನ ಇಲಾಖೆಯ 0.25 ಡಿಗ್ರಿ ಗ್ರಿಡ್ ಮಳೆ ಡೇಟಾ ಗೊತ್ತಲ್ವಾ, ಕೃಷಿ ವಿವಿಗಳಲ್ಲಿ, ನೀರಾವರಿ ಮೇಲೆ ರಿಸರ್ಚ್ ಮಾಡೋ ಕಡೆ ಎಲ್ಲಾ ಓಡಾಡುತ್ತೆ. ಉದ್ದಕ್ಕೆ 135, ಅಗಲಕ್ಕೆ 129, ಅಂದ್ರೆ 17,415 ಚೌಕ, ವರ್ಷಕ್ಕೆ 365 ದಿನ. ಒಂದು ವರ್ಷಕ್ಕೇ 63 ಲಕ್ಷಕ್ಕಿಂತ ಜಾಸ್ತಿ ನಂಬರು. ಇದನ್ನ ಉದ್ದ, ಅಗಲ, ದಿನ ಅಂತ ಮೂರು ಡೈಮೆನ್ಷನ್ನಿನ ಅರೇ (ನಂಬರುಗಳ ಪಟ್ಟಿ) ಮಾಡಿ ಮಳೆ ಅಂತ ಹೆಸರಿಟ್ಕೊಳ್ಳಿ. ಈಗ ಪ್ರತಿ ಚೌಕದಲ್ಲೂ ಎಷ್ಟು ಮಳೆದಿನ ಅಂತ ಬೇಕು, ಇಲಾಖೆ ಲೆಕ್ಕದಲ್ಲಿ 2.5 ಮಿ.ಮೀ. ಅಥವಾ ಜಾಸ್ತಿ ಬಿದ್ರೆ ಅದು ಮಳೆದಿನ.

ಸಿ, ಜಾವಾ ಕಲಿತು ಬಂದೋರು ಒಂದರೊಳಗೊಂದು ಮೂರು ಫಾರ್ ಹಾಕಿ, ಒಳಗೊಂದು ಇಫ್ ಇಟ್ಟು, ಕೌಂಟರ್ ಏರಿಸ್ತಾ ಹೋಗ್ತಾರೆ. ಉತ್ತರ ಸರಿಯಾಗೇ ಬರುತ್ತೆ. ಆದ್ರೆ ಅದನ್ನೇ `ರೋಸಮ್ಸ್(ಮಳೆ >= 2.5, ಡಿಮ್ಸ್ = 2)` ಅಂತ ಒಂದೇ ಸಾಲಲ್ಲಿ ಬರೆದ್ರೂ 135ಕ್ಕೆ 129ರ ಮ್ಯಾಪು ರೆಡಿ. ಹೋಲಿಕೆ ಇಡೀ ಅರೇ ಮೇಲೆ ಒಂದೇ ಏಟಿಗೆ ಆಗಿ ಟ್ರೂ, ಫಾಲ್ಸ್ ಸಿಗುತ್ತೆ, ಕೂಡೋವಾಗ ಟ್ರೂ ಅಂದ್ರೆ ಒಂದು. ಡಿಮ್ಸ್ 2 ಅಂದ್ರೆ ಮೊದಲೆರಡು ಡೈಮೆನ್ಷನ್ ಹಾಗೇ ಬಿಟ್ಟು ಮೂರನೇದನ್ನ, ಅಂದ್ರೆ ದಿನಗಳನ್ನ, ಕೂಡು ಅಂತ.

ಲೂಪ್ ಎಲ್ಲಿಗೂ ಓಡಿಹೋಗಿಲ್ಲ, ಆರ್ ಹೊಟ್ಟೆಯೊಳಗಿರೋ ಸಿ ಭಾಷೆಯ ಕೋಡಿನ ಒಳಗೆ ಹೋಗಿ ಕೂತಿದೆ ಅಷ್ಟೇ. ಆರ್‌ನಲ್ಲಿ ಪ್ಲಸ್ಸೂ ಒಂದು ಫಂಕ್ಷನ್, ಚೌಕ ಬ್ರಾಕೆಟ್ಟೂ ಒಂದು ಫಂಕ್ಷನ್. ನಾವು ಲೂಪಲ್ಲಿ ಒಂದೊಂದೇ ನಂಬರ್ ಎತ್ಕೊಂಡಾಗ ಪ್ರತಿ ಸಲಾನೂ ಇದು ಯಾವ ಟೈಪು, ಉದ್ದ ಎಷ್ಟು, ಅಂತ ಮತ್ತೆ ವಿಚಾರಣೆ, ಒಂದೊಂದು ಈರುಳ್ಳಿಗೂ ಮನೆಯಿಂದ ಅಂಗಡಿಗೆ ಹೋಗಿಬಂದ ಹಾಗೆ. ಇಡೀ ವೆಕ್ಟರ್, ಅಂದ್ರೆ ನಂಬರುಗಳ ಸಾಲನ್ನೇ, ಕೊಟ್ರೆ ವಿಚಾರಣೆ ಒಂದೇ ಸಲಕ್ಕೆ ಮುಗಿಯುತ್ತೆ, ವೆಕ್ಟರೈಸ್ ಅಂದ್ರೆ ಇದೇ. ಅಸಲಿಗೆ ಈ ಭಾಷೇಲಿ ಬಿಡಿ ನಂಬರ್ ಅನ್ನೋದೇ ಇಲ್ಲ, ಬರೀ 5 ಅಂದ್ರೂ ಉದ್ದ ಒಂದರ ವೆಕ್ಟರೇ. 1976ರಲ್ಲಿ ಬೆಲ್ ಲ್ಯಾಬ್ಸಲ್ಲಿ ಜಾನ್ ಚೇಂಬರ್ಸ್ ಮತ್ತೆ ಜೊತೆಯೋರು ಶುರು ಮಾಡಿದ ಎಸ್ ಭಾಷೆಯಿಂದ ಬಂದ ಬುದ್ಧಿ ಅದು.

ಸ್ವಲ್ಪ ನಿಲ್ಲಿ, ಇಲ್ಲೊಂದು ಗುಂಡಿ ಇದೆ. ಈ ಡೇಟಾದಲ್ಲಿ ಸಮುದ್ರ, ದೇಶದ ಹೊರಗಿನ ಜಾಗ ಎಲ್ಲಾ -999. ಮಳೆದಿನ ಎಣಿಸೋವಾಗ ಪರವಾಗಿಲ್ಲ, ಅರಬ್ಬೀ ಸಮುದ್ರದಲ್ಲಿ ಸೊನ್ನೆ ಮಳೆದಿನ ಅಂತ ಬರುತ್ತೆ. ಒಣದಿನ ಬೇಕು ಅಂತ `ಮಳೆ < 2.5` ಹಾಕಿದ್ರೆ ಮಾತ್ರ -999 ಕೂಡ 2.5ಕ್ಕಿಂತ ಕಮ್ಮಿನೇ ಅಲ್ವಾ, ಸಮುದ್ರ ವರ್ಷಪೂರ್ತಿ ಬರಗಾಲ ಆಗಿ ಕೂತಿರುತ್ತೆ, ಎರರ್ ಇಲ್ಲ ವಾರ್ನಿಂಗ್ ಇಲ್ಲ. ಅದಕ್ಕೇ ಎಲ್ಲಕ್ಕಿಂತ ಮೊದಲು -999 ತೆಗೆದು ಎನ್‌ಎ, ಅಂದ್ರೆ ಡೇಟಾ ಇಲ್ಲ ಅನ್ನೋ ಗುರುತು, ಹಾಕಿ: `ಮಳೆ[ಮಳೆ == -999] <- ಎನ್‌ಎ`.

ಈಗ ಕಷ್ಟದ ಪ್ರಶ್ನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನದಲ್ಲಿ ಪ್ರತಿ ಚೌಕದಲ್ಲೂ ಸತತವಾಗಿ ಅತಿ ಹೆಚ್ಚು ಎಷ್ಟು ದಿನ ಒಣಗಿತ್ತು? ರಾಗಿ, ನೆಲಗಡಲೆ ಬೆಳೆಯೋರಿಗೆ ಒಟ್ಟು ಮಳೆಗಿಂತ ಇದೇ ಮುಖ್ಯ ಎಷ್ಟೋ ಸಲ. ಒಂದೇ ಜಾಗಕ್ಕಾದ್ರೆ ಸುಲಭ, ಒಣದಿನಗಳ ವೆಕ್ಟರನ್ನ ಆರ್‌ಎಲ್‌ಇ ಫಂಕ್ಷನ್ನಿಗೆ ಕೊಟ್ರೆ ಸತತ ಗುಂಪುಗಳ ಉದ್ದ ಸಿಗುತ್ತೆ, ಟ್ರೂ ಗುಂಪುಗಳಲ್ಲಿ ದೊಡ್ಡದು ತಗೊಂಡ್ರೆ ಆಯ್ತು. 17,415 ಜಾಗಕ್ಕೆ ಅಂದಾಗ ಮತ್ತೆ ಅಷ್ಟು ಸಲ ಫಂಕ್ಷನ್ ಕರೀಬೇಕು. ಇಲ್ಲಿ ಲೂಪ್ ಪೂರ್ತಿ ತೆಗೆಯೋಕೆ ಹೋಗ್ಬಾರ್ದು ಅನ್ನೋದೇ ನನ್ನ ವಾದ. ಇವತ್ತಿನ ಲೆಕ್ಕಕ್ಕೆ ನಿನ್ನೇದು ಬೇಕೇ ಬೇಕು, ಆದ್ರೆ ರಾಯಚೂರಿನ ಲೆಕ್ಕಕ್ಕೆ ಉಡುಪೀದು ಬೇಡ. ಹಾಗಾಗಿ ದಿನದ ಮೇಲೆ ಫಾರ್ ಇರ್ಲಿ, ಜಾಗದ ಮೇಲಿನ ಎರಡು ಲೂಪ್ ಹೋಗ್ಲಿ. ಒಣ ಅಂದ್ರೆ ಈ 122 ದಿನಕ್ಕೆ ಮಳೆ 2.5ಕ್ಕಿಂತ ಕಮ್ಮಿನಾ ಅನ್ನೋ ಟ್ರೂ, ಫಾಲ್ಸ್ ಅರೇ. ಓಟ (ಸದ್ಯ ನಡೀತಿರೋ ಸತತ ಒಣದಿನಗಳ ಎಣಿಕೆ), ಗರಿಷ್ಠ (ಇಲ್ಲೀವರೆಗಿನ ಅತಿ ಉದ್ದದ ಓಟ) ಎರಡೂ 135ಕ್ಕೆ 129ರ, ಸೊನ್ನೆ ತುಂಬಿದ ಮ್ಯಾಟ್ರಿಕ್ಸು, ಲೂಪ್ ಒಳಗೆ ಎರಡೇ ಸಾಲು:

`ಓಟ <- (ಓಟ + 1) * ಒಣ[ , , ದಿನ]`
`ಗರಿಷ್ಠ <- ಪಿಮ್ಯಾಕ್ಸ್(ಗರಿಷ್ಠ, ಓಟ)`

ಒಣಗಿದ್ರೆ ಎಣಿಕೆ ಒಂದು ಏರುತ್ತೆ, ಮಳೆ ಬಂದ್ರೆ ಸೊನ್ನೆಯಿಂದ ಗುಣಿಸಿ ಮತ್ತೆ ಸೊನ್ನೆ. ಪಿಮ್ಯಾಕ್ಸ್ ಪ್ರತಿ ಚೌಕದಲ್ಲೂ ಎರಡರಲ್ಲಿ ದೊಡ್ಡದನ್ನ ಇಟ್ಕೊಳ್ಳುತ್ತೆ. ಇಫ್ ಇಲ್ಲ. ಮೂರು ಲೂಪಲ್ಲಿ 21 ಲಕ್ಷ ಸಲ ಸುತ್ತಬೇಕಿದ್ದದ್ದು 122 ಸಲಕ್ಕೆ ಮುಗೀತು. ಇದನ್ನೂ ಫಾರ್ ಲೂಪ್ ಅಂತ ಬೈಯೋರು ಇದಾರೆ, ಬೈಕೊಳ್ಳಲಿ ಬಿಡಿ. ಮಧ್ಯೆ ಒಂದು ದಿನ ಎನ್‌ಎ ಬಂದ್ರೆ ಮಾತ್ರ ಆ ಚೌಕ ಕೊನೇವರೆಗೂ ಎನ್‌ಎ ಆಗೋಗುತ್ತೆ, ಎನ್‌ಎಯನ್ನ ಸೊನ್ನೆಯಿಂದ ಗುಣಿಸಿದ್ರೂ ಎನ್‌ಎನೇ. ಅರ್ಧಂಬರ್ಧ ರೆಕಾರ್ಡ್ ಇರೋ ಮಳೆಮಾಪನ ಕೇಂದ್ರದ ಡೇಟಾ ಆದ್ರೆ ಇದನ್ನ ಮೊದಲೇ ಯೋಚಿಸ್ಬೇಕು.

ಇನ್ನು ವರ್ಷಗಳ ಮೇಲೆ ಲೂಪ್ ಹಾಕೋಕೆ ನಾಚ್ಕೋಬೇಡಿ. ಒಂದು ವರ್ಷದ ಅರೇ ಸುಮಾರು 51 ಎಂಬಿ, 50 ವರ್ಷ ಒಟ್ಟಿಗೆ ತುಂಬಿದ್ರೆ ಎರಡೂವರೆ ಜಿಬಿ, ಮೇಲಿಂದ ಪ್ರತಿ ಹೋಲಿಕೆಗೂ ಅಷ್ಟೇ ಉದ್ದದ ಇನ್ನೊಂದು ಅರೇ ಹುಟ್ಟುತ್ತೆ, 8 ಜಿಬಿ ಲ್ಯಾಪ್‌ಟಾಪು ಏದುಸಿರು ಬಿಡುತ್ತೆ. ಆ ಲೂಪಲ್ಲಿ ರಿಸಲ್ಟನ್ನ ಆರ್‌ನ ಸಿ() ಅನ್ನೋ ಜೋಡಿಸೋ ಫಂಕ್ಷನ್ ಹಾಕಿ ಬಾಲಕ್ಕೆ ಅಂಟಿಸ್ತಾ ಹೋಗ್ಬೇಡಿ, ಮೊದಲೇ ಖಾಲಿ ಜಾಗ ಮಾಡಿಟ್ಕೊಳ್ಳಿ. 50 ವರ್ಷಕ್ಕೆ ವ್ಯತ್ಯಾಸ ಗೊತ್ತಾಗಲ್ಲ ನಿಜ, ಆದ್ರೆ ಒಂದು ಲಕ್ಷ ಸಲ ಹಾಗೆ ಅಂಟಿಸಿದ್ರೆ ಹಳೇದನ್ನೆಲ್ಲ ಪ್ರತಿ ಸಲ ಕಾಪಿ ಮಾಡಿ ಮಾಡಿ ಒಟ್ಟು 500 ಕೋಟಿ ಎಲಿಮೆಂಟ್ ಕಾಪಿ ಆಗಿರುತ್ತೆ. ಲೂಪ್ ನಿಧಾನ ಅಂತ ಹೆಸರು ಕೆಡೋದು ಎಷ್ಟೋ ಸಲ ಇದರಿಂದಾನೇ. 2017ರಲ್ಲಿ ಬಂದ 3.4.0 ಇಂದ ಆರ್ ಲೂಪನ್ನ ತಾನೇ ಬೈಟ್‌ಕೋಡ್‌ಗೆ, ಅಂದ್ರೆ ಬೇಗ ಓಡೋ ಒಂದು ಮಧ್ಯಂತರ ರೂಪಕ್ಕೆ, ಕಂಪೈಲ್ ಮಾಡಿ ಓಡಿಸುತ್ತೆ, ಮೊದಲಿನಷ್ಟು ಕೆಟ್ಟದಾಗಿಲ್ಲ.

ಇಡೀ ವೆಕ್ಟರಿನ ಮೇಲೆ ಒಂದೇ ಸಲಕ್ಕೆ ಇಫ್ ಹಾಕೋ ಇಫ್‌ಎಲ್ಸ್ ಫಂಕ್ಷನ್ ಬಗ್ಗೆ ಒಂದು ಮಾತು, ಅದಕ್ಕೆ ತಾರೀಖು ಕೊಟ್ರೆ ತಾರೀಖಿನ ಕ್ಲಾಸ್ ಕಿತ್ತು ಬರೀ ನಂಬರ್ ವಾಪಸ್ ಕೊಡುತ್ತೆ, ಹುಷಾರು.

ಆಮೇಲೆ ಆ ಹಳೇ ಮೂರು ಲೂಪಿನ ಕೋಡನ್ನ ಡಿಲೀಟ್ ಮಾಡ್ಬೇಡಿ. ಕರಾವಳಿ ಅಂಚಲ್ಲಿ ನಾಲ್ಕು ಚೌಕ, ಬಯಲುಸೀಮೇಲಿ ನಾಲ್ಕು ಚೌಕ ತಗೊಂಡು ಎರಡೂ ಕೋಡ್ ಓಡಿಸಿ, ಎರಡರ ಉತ್ತರವೂ ಒಂದೇನಾ ಅಂತ ಆಲ್.ಈಕ್ವಲ್ ಫಂಕ್ಷನ್ ಹಾಕಿ ನೋಡಿ. ಟ್ರೂ ಬಂದ್ಮೇಲೆ ಪೂರ್ತಿ ಡೇಟಾ ಮೇಲೆ ಬಿಡಿ.