ತೂಕದ ಪ್ರೋಗ್ರಾಂಗೆ ಹೊಸ ಬೋರ್ಡ್ ಹುಡುಕಿದ ಕಥೆ

ಹೋದ ಮೆಕ್ಕೆಜೋಳದ ಸುಗ್ಗಿಯಲ್ಲಿ, ದಾವಣಗೆರೆ ಹೊರಗಿನ ಒಂದು ಗೋಡೌನಿನಿಂದ ಬೆಳಗ್ಗೆ ಆರಕ್ಕೇ ಫೋನ್ ಬಂತು. "ಸಾರ್, ಸ್ಕ್ರೀನ್ ಬರ್ತಾನೇ ಇಲ್ಲ. ಲಾರಿ ಸಾಲು ರೋಡ್ ತನಕ ಐತಿ, ಬೇಗ ಬರ್ರಿ."

ಹೋಗಿ ವೇಬ್ರಿಡ್ಜ್ (ಲಾರಿ ತೂಗುವ ತಕ್ಕಡಿ) ಕಂಪ್ಯೂಟರ್ ಬಿಚ್ಚಿದೆ. ಒಳಗೆಲ್ಲ ಜೋಳದ ಧೂಳು. ಮದರ್‌ಬೋರ್ಡಿನ ಮೂರು ಕೆಪಾಸಿಟರ್‌ಗಳ ತಲೆ ಉಬ್ಬಿ, ಕಂದು ರಸ ಒಸರಿತ್ತು. ನಮ್ಮ ಆಫೀಸಿನಲ್ಲಿದ್ದ ಕೊನೆಯ ಹಳೇ ಪಿಸಿ ತಂದು ಜೋಡಿಸಿದೆ. ಇನ್ನೊಂದು ಕೆಟ್ಟರೆ ಕೊಡಲು ಏನೂ ಉಳಿದಿರಲಿಲ್ಲ.

ನಮ್ಮ ತೂಕದ ಪ್ರೋಗ್ರಾಂ ಓಡುವುದು ಫ್ರೀಡಾಸ್ ಮೇಲೆ, ಅಂದರೆ ಹಳೇ ಡಾಸ್ ಥರದ ಒಂದು ಉಚಿತ ಆಪರೇಟಿಂಗ್ ಸಿಸ್ಟಂ ಮೇಲೆ. 1994ರಲ್ಲಿ ಜಿಮ್ ಹಾಲ್ ಶುರು ಮಾಡಿದ್ದು ಅದು, ಈಗಲೂ ಹೊಸ ಆವೃತ್ತಿ ಬರುತ್ತಿದೆ. ಸ್ವಿಚ್ ಹಾಕಿದ ಕೂಡಲೇ ತೂಕದ ಪರದೆ ಬರುತ್ತದೆ, ಅಪ್‌ಡೇಟ್ ಕಾಟ ಇಲ್ಲ. ನನಗೆ ಅದರ ಮೇಲೆ ನಿಜವಾದ ಪ್ರೀತಿ ಇದೆ.

ಹೊಸ ಡೆಸ್ಕ್‌ಟಾಪ್ ತಂದು ನೋಡಿದೆವು. ಬೂಟ್ ಆಗಲೇ ಇಲ್ಲ. ಫ್ರೀಡಾಸ್‌ಗೆ ಹಳೇ ಬಯೋಸ್, ಅಂದರೆ ಸ್ವಿಚ್ ಹಾಕಿದಾಗ ಕಂಪ್ಯೂಟರನ್ನು ಎಬ್ಬಿಸುವ ಬೋರ್ಡಿನೊಳಗಿನ ಪ್ರೋಗ್ರಾಂ, ಬೇಕು. 2020ರ ಹೊತ್ತಿಗೆ ಅದಕ್ಕೆ ಬೆಂಬಲ ನಿಲ್ಲಿಸುತ್ತೇವೆ ಅಂತ ಇಂಟೆಲ್ 2017ರಲ್ಲೇ ಹೇಳಿತ್ತು. ನಾವು ಕಿವಿಗೆ ಹಾಕಿಕೊಂಡಿರಲಿಲ್ಲ.

"ರಾಸ್ಪ್‌ಬೆರಿ ಪೈ ಹಾಕೋಣ ಸರ್, ಚಿಕ್ಕದು, ಜಾಸ್ತಿ ಕರೆಂಟೂ ಬೇಡ," ಅಂದ ನಮ್ಮ ಹುಡುಗ. ಒಳ್ಳೆಯ ಯೋಚನೆಯೇ. ಆದರೆ ಆ ಪುಟ್ಟ ಕಂಪ್ಯೂಟರಿನದ್ದು ಆರ್ಮ್ ಚಿಪ್, ಫ್ರೀಡಾಸ್ ಬರೆದದ್ದು x86ಗೆ, ಅಂದರೆ ಮಾಮೂಲಿ ಪಿಸಿಗಳ ಇಂಟೆಲ್ ಮಾದರಿಯ ಚಿಪ್‌ಗೆ. ಒಂದು ಚಿಪ್ಪನ್ನು ಇನ್ನೊಂದರಂತೆ ನಟಿಸುವ ಎಮ್ಯುಲೇಟರ್ ಪ್ರೋಗ್ರಾಂ ಇಲ್ಲದೆ ಆಗುವುದಿಲ್ಲ.

ಆಗ ಒಂದು ಸಂಜೆ ಕೂತು ಹಳೇ ಸಿ ಕೋಡ್ ಪೂರ್ತಿ ಓದಿದೆ. ಮೊದಲೇ ಮಾಡಬೇಕಿದ್ದ ಕೆಲಸ ಅದು. ಬೋರ್ಡಿನ ವೇಗ, ಬೆಲೆ ನೋಡುವ ಮುಂಚೆ, ಪ್ರೋಗ್ರಾಂ ಯಾವ ಯಾವ ಹಾರ್ಡ್‌ವೇರನ್ನು ನೇರವಾಗಿ ಮುಟ್ಟುತ್ತದೆ ಅಂತ ತಿಳಿಯಬೇಕಲ್ವಾ? ನಮ್ಮದು ಎರಡನ್ನು ಮುಟ್ಟುತ್ತಿತ್ತು. ತೂಕದ ಇಂಡಿಕೇಟರ್‌ನಿಂದ ಅಂಕಿ ಓದಲು 3ಎಫ್8 ವಿಳಾಸದ ಸೀರಿಯಲ್ ಪೋರ್ಟ್, ಚೀಟಿ ಹೊಡೆಯಲು 378ರ ಪ್ರಿಂಟರ್ ಪೋರ್ಟ್. ಯುಎಸ್‌ಬಿ ಕನ್ವರ್ಟರ್ ಸಿಕ್ಕಿಸಿದರೆ ಆ ವಿಳಾಸದಲ್ಲಿ ಏನೂ ಇರುವುದಿಲ್ಲ. ಹಾಗಾದರೆ ಪರದೆ ಮೇಲೆ ತೂಕ ಬರುವುದೇ ಇಲ್ಲ.

ಕೊನೆಗೆ ಆರಿಸಿದ್ದು ವೋರ್ಟೆಕ್ಸ್86 ಚಿಪ್ ಇರುವ ಕೈಗಾರಿಕಾ ಬೋರ್ಡ್. ಅದು x86, ಬಯೋಸ್ ಇದೆ, ಎರಡೂ ಪೋರ್ಟ್ ಹಳೇ ವಿಳಾಸದಲ್ಲೇ ಇವೆ. ಫ್ಯಾನ್ ಇಲ್ಲ, ಹಾಗಾಗಿ ಧೂಳು ಎಳೆದುಕೊಳ್ಳುವುದೂ ಇಲ್ಲ. ಕೋಡಿನಲ್ಲಿ ಒಂದು ಸಾಲೂ ಬದಲಾಯಿಸಲಿಲ್ಲ. ಪ್ರಿಂಟರ್‌ಗೆ ಮಾತ್ರ ರಿಬ್ಬನ್ ಕೇಬಲ್ ನಾವೇ ಮಾಡಿಕೊಂಡೆವು.

ಆದರೂ ಒಂದೇ ಕಂಪನಿಯ ಚಿಪ್ ನಂಬಿ ಕೂರುವ ಧೈರ್ಯ ನನಗಿಲ್ಲ. ಓಪನ್‌ವಿಎಂಎಸ್ ಅನ್ನುವ ಹಳೇ ಆಪರೇಟಿಂಗ್ ಸಿಸ್ಟಂ ನೋಡಿ. ಅದು ಓಡುತ್ತಿದ್ದ ಚಿಪ್‌ಗಳಾದ ವ್ಯಾಕ್ಸ್, ಆಲ್ಫಾ, ಇಟೇನಿಯಂ, ಮೂರೂ ನಿಂತುಹೋದವು. 2022ರಲ್ಲಿ ಅದು x86ಗೆ ಬಂತು. ಅದಕ್ಕೇ ಎಮ್ಯುಲೇಟರ್ ಕೆಲಸವನ್ನೂ ಬಿಟ್ಟಿಲ್ಲ. ಲಿನಕ್ಸ್ ಮೇಲೆ ಎಮ್ಯುಲೇಟರ್ ಓಡಿಸಿದರೆ ತೂಕ ಸರಿಯಾಗಿ ಬರುತ್ತಿದೆ, ಚೀಟಿ ಇನ್ನೂ ಸರಿಹೋಗಬೇಕು.

ಒಂದು ಬೋರ್ಡ್ ಜಾಸ್ತಿ ತರಿಸಿ, ಪ್ರೋಗ್ರಾಂ ಸಮೇತ ಆ ಗೋಡೌನಿನ ಬೀರುವಿನಲ್ಲೇ ಇಟ್ಟಿದ್ದೇವೆ. ಬದಲಾಯಿಸುವುದು ಹೇಗೆ ಅಂತ ಅಲ್ಲಿನ ಗುಮಾಸ್ತರ ಕೈಯಲ್ಲೇ ಎರಡು ಸಲ ಮಾಡಿಸಿ ಬಂದೆ.