ಗುಂಡ್ಲುಪೇಟೆಯ ಬದುವಿನ ಮೇಲೆ ಲಾವಂಚ

ಜುಲೈನಲ್ಲಿ ಗುಂಡ್ಲುಪೇಟೆ ಕಡೆ ಹೋದವರು ಸೂರ್ಯಕಾಂತಿ ಹೊಲದ ಪಕ್ಕ ಕಾರು ನಿಲ್ಲಿಸಿ, ಫೋಟೊ ತೆಗೆಸಿಕೊಂಡು ಗೋಪಾಲಸ್ವಾಮಿ ಬೆಟ್ಟ ಹತ್ತುತ್ತಾರೆ. ಆ ಹೂವಿಗಿಂತ ಹೊಲದ ಬದುವೇ ನೋಡುವಂಥದ್ದು. ಅಲ್ಲಿ ಆಳೆತ್ತರ ನಿಂತ ಹುಲ್ಲು ಲಾವಂಚ, ಹಳಬರ ಮುಡಿವಾಳ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣು ಹಿಡಿಯುವ ಲಾವಂಚದ ಬೇಲಿಯನ್ನು ಊರೂರಿಗೆ ಹೇಳಹೊರಟಾಗ, ಈ ಸೀಮೆಯ ರೈತರು ಅದನ್ನು ತಲೆಮಾರುಗಳಿಂದ ಬೆಳೆಸಿಕೊಂಡೇ ಬಂದಿದ್ದರು.

ನಾವು ಅಂಥದೊಂದು ಹೊಲಕ್ಕೆ ಹೋದ ಹಿಂದಿನ ಸಂಜೆ ಜೋರು ಮಳೆಯಾಗಿತ್ತು. ಸಾಲಿನ ಮೇಲ್ಮಗ್ಗುಲಲ್ಲಿ ರಾಗಿ ಕೂಳೆ, ಆಡಿನ ಹಿಕ್ಕೆ, ನುಣ್ಣನೆಯ ಕೆಮ್ಮಣ್ಣು ಬುಡಕ್ಕೆ ಒತ್ತಿ ನಿಂತಿದ್ದವು. ನೀರು ಮಾತ್ರ ಹುಲ್ಲಿನ ಸಂದಿಯಲ್ಲಿ ಸೋಸಿಕೊಂಡು ಕೆಳಗಿಳಿದಿತ್ತು. ಮೇಲಿನ ಹೊಲ ಕೆಳಗಿನದಕ್ಕಿಂತ ಮೊಣಕಾಲೆತ್ತರ ಏರಿದೆ. ಯಾರೂ ಹೊತ್ತು ಹಾಕಿದ ಮಣ್ಣಲ್ಲ ಅದು. ಹೂಳು ಮುಚ್ಚಿದಂತೆಲ್ಲ ಹುಲ್ಲು ಗೆಣ್ಣಿನಲ್ಲಿ ಹೊಸ ಬೇರು ಬಿಟ್ಟು ಮೇಲೇಳುತ್ತದೆ. ಬರೀ ಮಣ್ಣಿನ ಬದುವಾದರೆ ನೀರು ಕಟ್ಟಿ, ಒಂದು ಕಡೆ ಒಡೆದು, ಕೊರಕಲು ಬೀಳುತ್ತಿತ್ತು.

"ಬೇರು ಕಿತ್ತು ಮಾರಲ್ವಾ ಯಜಮಾನ್ರೇ?"

"ಕೇಳ್ಕಂಡು ಬತ್ತಾರೆ ಸಾ. ಬೇರು ಅಗೆದ್ರೆ ಬದು ಎಲ್ಲಿ ಉಳೀತದೆ?"

"ಬೆಳೆಗೆ ತೊಂದರೆ ಇಲ್ವಾ?"

"ಇದರ ಬೇರು ಪಕ್ಕಕ್ಕೆ ಹೋಗಲ್ಲ, ನೆಟ್ಟಗೆ ಕೆಳಕ್ಕೆ. ಪಕ್ಕದಲ್ಲೇ ಜೋಳ ಹಾಕಿವ್ನಿ, ನೋಡಿ."

ನಿಜವೇ. ಬೇರು 3 ಮೀಟರಿಗೂ ಆಳ ಇಳಿಯುತ್ತದೆ. ಚಿಗುರುವ ಬುಡ ಮಣ್ಣಿನೊಳಗೇ ಇರುವುದರಿಂದ ದನ ಮೇಯ್ದರೂ ಬೆಂಕಿ ತಗುಲಿದರೂ ಮತ್ತೆ ಚಿಗುರುತ್ತದೆ. ದಕ್ಷಿಣದ ಈ ತಳಿ ಮೊಳೆಯುವ ಬೀಜ ಕಟ್ಟುವುದಿಲ್ಲ, ಹಾಗಾಗಿ ಹೊಲದೊಳಗೆ ಕಳೆಯಾಗಿ ಹರಡುವ ಭಯವೂ ಇಲ್ಲ.

ನೆಡಲು ತೆಂಡೆ, ಅಂದರೆ ಬುಡದಿಂದ ಬೇರುಸಹಿತ ಬಿಡಿಸಿದ ಸಸಿ, ಒಯ್ಯುವವರು ಪ್ಲಾಸ್ಟಿಕ್ ಚೀಲ ಬಳಸಲೇಬೇಡಿ. ಕಾರಿನ ಡಿಕ್ಕಿಯ ಕಾವಿಗೆ ಚೀಲದಲ್ಲಿದ್ದ 200 ತೆಂಡೆ ಬೆಂದು ಹೋದವು; ಆ ಸಂಕಟ ಇನ್ನೂ ಆರಿಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿ, ನೆರಳಲ್ಲಿಟ್ಟು, ಬೇಗ ನೆಡಬೇಕು. ಎಲೆಯನ್ನು 20 ಸೆಂ.ಮೀ., ಬೇರನ್ನು 10 ಸೆಂ.ಮೀ. ಉಳಿಸಿ ಕತ್ತರಿಸಿ, ಕುಣಿಗೆ ಎರಡು ಮೂರು ತೆಂಡೆಯಂತೆ 10-15 ಸೆಂ.ಮೀ. ಅಂತರದಲ್ಲಿ, ಇಳಿಜಾರಿಗೆ ಅಡ್ಡಲಾಗಿ, ಮುಂಗಾರು ಹಿಡಿದ ಮೇಲೆ ನೆಡಿ. ಸತ್ತ ಕುಣಿಗಳಿಗೆ ಅದೇ ಮಳೆಗಾಲದಲ್ಲಿ ಮರುನಾಟಿ ಆಗಲೇಬೇಕು, ಇಲ್ಲದಿದ್ದರೆ ನೀರೆಲ್ಲ ಆ ಸಂದಿಗೇ ನುಗ್ಗುತ್ತದೆ. ವರ್ಷಕ್ಕೊಮ್ಮೆ ಮೊಣಕಾಲ ಮಟ್ಟಕ್ಕೆ ಕೊಯ್ದರೆ ತೆಂಡೆ ಒತ್ತಾಗಿ ಒಡೆಯುತ್ತದೆ. ಸಾಲು ಗಟ್ಟಿಯಾಗಲು ಎರಡು ಮೂರು ಮಳೆಗಾಲ ಬೇಕು.

ಎಳೆ ಲಾವಂಚಕ್ಕೆ ನೆರಳು ಆಗದು. ಯಜಮಾನರ ಬದುವಿನಲ್ಲೂ ಬೇವಿನ ಮರದಡಿ ಎರಡು ಮಾರು ಸಾಲು ತುಂಡಾಗಿತ್ತು, ಕೊರಕಲು ಶುರುವಾಗಿದ್ದೂ ಅಲ್ಲೇ. ನಾವು ಹೊರಡುವ ಹೊತ್ತಿಗೆ ಅವರು ಮಚ್ಚು ಹಿಡಿದು ಮರ ಹತ್ತಿದ್ದರು.