ಹಳೆಯ ಕಾರಿನ ಎಂಜಿನ್‌ಗೆ ಯಾವ ಬಣ್ಣ?

ಕಲಬುರಗಿಯಲ್ಲಿ ನಾನು ಹಳೆಯ ಕಾರುಗಳನ್ನು ಮೊದಲಿನ ರೂಪಕ್ಕೆ ತರುವ ಕೆಲಸ ಮಾಡುತ್ತೇನೆಂದು ತಿಳಿದವರು, ಬೀದರಿನಿಂದ ಬಂದವರಿರಲಿ, ಯಾದಗಿರಿಯಿಂದ ಫೋನ್ ಮಾಡಿದವರಿರಲಿ, ಕೇಳಿಯೇ ಕೇಳುವ ಪ್ರಶ್ನೆ ಒಂದಿದೆ: “ಅಣ್ಣಾರ, ಎಂಜಿನ್‌ಗ ಯಾವ ಕಲರ್ ಹೊಡಸ್ಬೇಕ್ರಿ?” ಅಜ್ಜನ ಕಾಲದ ಅಂಬಾಸಿಡರನ್ನೋ ಫಿಯೆಟ್ಟನ್ನೋ ಶೆಡ್ಡಿನಿಂದ ಹೊರಗೆಳೆದು, ಎಂಜಿನ್ ಬಿಚ್ಚಿಸಿ, ಬೋರ್ ಮಾಡಿಸಿ, ಪಿಸ್ಟನ್ ರಿಂಗ್ ಬದಲಿಸಿ, ಇನ್ನೇನು ಜೋಡಿಸಬೇಕು ಎನ್ನುವಾಗ ಈ ಪ್ರಶ್ನೆ ಏಳುತ್ತದೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಎಂಜಿನ್‌ಗೆ ಯಾವ ಬಣ್ಣವಿತ್ತೆಂಬುದನ್ನು ಆ ಎಂಜಿನ್ನೇ ಹೇಳಬೇಕು, ಅದನ್ನು ತೊಳೆಯುವುದಕ್ಕೆ ಮುಂಚೆಯೇ ನಾವು ಕೇಳಬೇಕು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿದ ಮೇಲೆ. ಮೊದಲ ಬಾರಿ ಕೈಗೆತ್ತಿಕೊಂಡ ಮಾರ್ಕ್ 2 ಅಂಬಾಸಿಡರಿನ ಎಂಜಿನ್ನನ್ನು ಇಳಿಸಿದ ದಿನವೇ ನೀರಿನ ಪ್ರೆಶರ್ ಹೊಡೆಸಿ, ತಂತಿ ಬ್ರಶ್ಶಿನಿಂದ ಕಬ್ಬಿಣ ಹೊಳೆಯುವ ತನಕ ಉಜ್ಜಿಸಿದ್ದೆ. ಬಣ್ಣಕ್ಕಾಗಿ ಹುಡುಕಿದಾಗ ಬ್ರಿಟನ್ನಿನ ಎಂಜಿಬಿ ಕಾರಿನ ಚಿತ್ರವೊಂದು ಸಿಕ್ಕಿತು. ಅಂಬಾಸಿಡರ್ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರಿನಿಂದ ಬಂದದ್ದು. ಅದರ 1489 ಸಿ.ಸಿ. ಎಂಜಿನ್ನೂ ಎಂಜಿಬಿಯ 1798 ಸಿ.ಸಿ. ಎಂಜಿನ್ನೂ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್) ಕಂಪನಿಯ ಬಿ-ಸೀರೀಸ್ ಎಂಬ ಒಂದೇ ಮನೆತನಕ್ಕೆ ಸೇರಿದವು. ಮನೆತನ ಒಂದಾದ ಮೇಲೆ ಬಣ್ಣವೂ ಒಂದೇ ಎಂದು ನಂಬಿ, ಚಿತ್ರದಲ್ಲಿದ್ದ ಕಡುಗೆಂಪನ್ನೇ ಹೊಡೆಸಿದೆ. ಎರಡು ವರ್ಷಗಳ ಮೇಲೆ ಡೈನಮೊ ಬ್ರಾಕೆಟ್ಟಿನ ಬೋಲ್ಟ್ ಸಡಿಲವಾಯಿತೆಂದು ಅದನ್ನು ಬಿಚ್ಚಿದಾಗ, ಬ್ರಶ್ ತಲುಪದ ಆ ಜಾಗದಲ್ಲಿ ಹೆಬ್ಬೆರಳಿನಷ್ಟು ಅಗಲದ ಮಾಸಿದ ಹಸಿರು ಕಂಡಿತು. ಎಂಜಿಬಿಯಲ್ಲಿಯೇ ಮೊದಮೊದಲಿನ ಎಂಜಿನ್‌ಗಳು ಕಡುಗೆಂಪಾಗಿದ್ದು, ಮುಂದಿನವು ಕಪ್ಪಾಗಿದ್ದವೆಂಬುದು ಆಮೇಲೆ ತಿಳಿಯಿತು. ನಾನು ನಕಲು ಮಾಡಿದ್ದು ನನ್ನ ಕಾರಿನದ್ದಲ್ಲ, ಬೇರೊಂದು ಕಾರಿನ ಕೆಲವೇ ವರ್ಷಗಳ ಬಣ್ಣವನ್ನು. ಎಲ್ಲ ಅಂಬಾಸಿಡರ್‌ಗಳೂ ಹಸಿರೇ ಎಂದು ಇದರಿಂದ ಯಾರೂ ತಿಳಿಯಬಾರದು. ಆ ಎಂಜಿನ್ನಿನ ಮೇಲೆ ನಾನು ಕಂಡದ್ದು ಅದು, ಅಷ್ಟೆ.

ಕಂಪನಿಯ ಹೆಸರು ಹಿಡಿದು ಬಣ್ಣ ಹೇಳುವುದು ಎಷ್ಟು ಅಪಾಯವೆಂಬುದಕ್ಕೆ ಹೊರಗಿನ ಕಾರುಗಳೂ ಸಾಕ್ಷಿ. ಷೆವ್ರೊಲೆ ವಿ-8 ಎಂದೊಡನೆ ಜನ ಕಿತ್ತಳೆ ಬಣ್ಣ ನೆನೆಯುತ್ತಾರೆ, ಆದರೆ 1977ರಿಂದ ಆ ಎಂಜಿನ್‌ಗಳು ನೀಲಿಯಾದವು. ಎರಡನೆಯ ಮಹಾಯುದ್ಧದ ಜೀಪನ್ನು ಒಂದೇ ನಕ್ಷೆಯಂತೆ ವಿಲ್ಲೀಸ್ ಮತ್ತು ಫೋರ್ಡ್ ಎರಡೂ ತಯಾರಿಸಿದವು, ಆದರೂ ಫೋರ್ಡ್ ತನ್ನ ಎಂಜಿನ್‌ಗೆ ಬೂದು ಬಣ್ಣ ಬಳಿಯುತ್ತಿತ್ತು. ಆದ್ದರಿಂದ ಕಾರಿನ ಹೆಸರಿನ ಜೊತೆಗೆ ವರ್ಷವನ್ನೂ ಕಾರ್ಖಾನೆಯನ್ನೂ ಹೇಳದ ಬಣ್ಣದ ಮಾತನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾದರೆ ಎಂಜಿನ್ನನ್ನು ಕೇಳುವುದು ಹೇಗೆ? ಮೊದಲು ಆರ್‌ಸಿ ಪುಸ್ತಕದ ಎಂಜಿನ್ ನಂಬರನ್ನು ಎಂಜಿನ್ನಿನ ಮುಖ್ಯ ಎರಕವಾದ ಬ್ಲಾಕಿನ ಮೇಲಿನ ನಂಬರಿನೊಡನೆ ತಾಳೆ ನೋಡಬೇಕು, ಏಕೆಂದರೆ ಹಿಂದೆ ಎಂಜಿನ್ ಕೆಟ್ಟರೆ ಬೇರೆ ಗಾಡಿಯದನ್ನು ಕೂರಿಸುವುದು ಸಾಮಾನ್ಯವಾಗಿತ್ತು, ಕಾರಿಗೂ ಎಂಜಿನ್‌ಗೂ ಸಂಬಂಧವಿಲ್ಲದಿದ್ದರೆ ಹುಡುಕಾಟದ ದಿಕ್ಕೇ ಬದಲಾಗುತ್ತದೆ. ಆಮೇಲೆ ಬಿಸಿಯೂ ಬೆಳಕೂ ರಿಪೇರಿಯ ಕೈಯೂ ಕಡಿಮೆ ತಲುಪಿದ ಜಾಗಗಳನ್ನು ನೋಡಬೇಕು: ಡೈನಮೊ ಬ್ರಾಕೆಟ್ಟಿನ ಹಿಂದೆ, ಎಂಜಿನ್ ಮೌಂಟಿಂಗ್ ಕೂರುವಲ್ಲಿ, ವಾಟರ್ ಪಂಪಿನ ಅಂಚಿನಲ್ಲಿ, ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಸಂಪಿನ ತುಟಿಯ ಕೆಳಗೆ. ಬಿಸಿ ಹೊಗೆ ಹೊರಹೋಗುವ ಎಗ್ಜಾಸ್ಟ್ ಮ್ಯಾನಿಫೋಲ್ಡ್ ಹತ್ತಿರದ ಬಣ್ಣವನ್ನು ನಂಬಬಾರದು, ಅದು ಸುಟ್ಟು ಕಂದಾಗಿರುತ್ತದೆ. ಗಟ್ಟಿಗೊಂಡ ಜಿಡ್ಡಿನ ಮೇಲೆ ಸೀಮೆಎಣ್ಣೆಯಲ್ಲಿ ನೆನೆಸಿದ ವೇಸ್ಟ್ ಬಟ್ಟೆಯನ್ನು ಅರ್ಧ ಗಂಟೆ ಹಾಗೇ ಇಟ್ಟು, ಬಳಿಕ ಮರದ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿದರೆ ಜಿಡ್ಡು ಪದರವಾಗಿ ಬರುತ್ತದೆ, ಕೆಳಗಿನ ಬಣ್ಣ ಉಳಿಯುತ್ತದೆ. ಥಿನ್ನರ್ ಹಾಕಿದರೆ ಎರಡೂ ಒಟ್ಟಿಗೇ ಹೋಗಬಹುದು.

ಬಣ್ಣ ಕಂಡೊಡನೆ ಕೆಲಸ ಮುಗಿಯಿತೆಂದುಕೊಳ್ಳಬಾರದು, ಅದು ಹಿಂದಿನ ಯಾವನೋ ಉಸ್ತಾದ ಹೊಡೆದ ಬಣ್ಣವೂ ಆಗಿರಬಹುದು. ಎಂಟುನೂರು ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಸುತ್ತುತ್ತ ಹಗುರಾಗಿ ಉಜ್ಜಿದರೆ ಪದರಗಳು ಉಂಗುರ ಉಂಗುರವಾಗಿ ತೆರೆದುಕೊಳ್ಳುತ್ತವೆ. ನಟ್ಟ ನಡುವೆ ಬರಿಯ ಕಬ್ಬಿಣ, ಅದಕ್ಕೆ ತಾಗಿದ ಮೊದಲ ಉಂಗುರ ಪ್ರೈಮರ್ ಇದ್ದರೆ ಪ್ರೈಮರ್, ಅದರ ಹೊರಗಿನದು ನಮಗೆ ಬೇಕಾದದ್ದು. ಎರಡು ಬಣ್ಣಗಳ ನಡುವೆ ಎಣ್ಣೆಯ ಕಪ್ಪು ಗೆರೆಯೊಂದು ಕಂಡರೆ, ಹೊರಗಿನ ಬಣ್ಣ ಗಾಡಿ ಓಡಿದ ಮೇಲೆ ಬಿದ್ದದ್ದೆಂದು ಧೈರ್ಯವಾಗಿ ಹೇಳಬಹುದು. ಆ ಗೆರೆ ಕಂಡ ದಿನ ನನಗೆ ಆಗುವ ಸಂತೋಷವನ್ನು ಕಾರು ಸ್ಟಾರ್ಟ್ ಆದ ದಿನವೂ ಕೊಡುವುದಿಲ್ಲ.

ಬಣ್ಣವಿದ್ದ ಜಾಗದಷ್ಟೇ ಬಣ್ಣವಿಲ್ಲದ ಜಾಗವೂ ಮುಖ್ಯ. ನಮ್ಮ ಬೀದರಿನ ಬಿದ್ರಿ ಕೆಲಸದಲ್ಲಿ ಕೋಟೆಯ ಮಣ್ಣನ್ನು ನವಸಾಗರದೊಡನೆ ಹಚ್ಚಿದಾಗ ಸತು-ತಾಮ್ರದ ಮೈ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬೆಳ್ಳಿಯೂ ಕಪ್ಪಾದರೆ ಅದನ್ನು ಬಿದ್ರಿ ಎನ್ನುವವರಿಲ್ಲ. 1089 ಸಿ.ಸಿ. ಪ್ರೀಮಿಯರ್ ಪದ್ಮಿನಿಯ ಎಂಜಿನ್ನಿನಲ್ಲಿ ಬ್ಲಾಕು ಕಬ್ಬಿಣದ್ದು, ಅದರ ಮೇಲೆ ಕೂರುವ ಹೆಡ್ಡು ಅಲ್ಯೂಮಿನಿಯಮ್ಮಿನದು. ಆ ಹೆಡ್ಡಿನ ಮೇಲೂ ಬಣ್ಣ ಹರಡಿ ‘ಫುಲ್ ನ್ಯೂ ಲುಕ್’ ಎನ್ನುವವರನ್ನು ಕಂಡಾಗ ನನಗೆ ನೋವಾಗುತ್ತದೆ. ಅದೇ ಹೆಡ್ಡನ್ನು ಸ್ವಚ್ಛ ಮಾಡಲೆಂದು ಕಾಸ್ಟಿಕ್ ಸೋಡಾದ ತೊಟ್ಟಿಗೆ ಹಾಕುವವರೂ ಇದ್ದಾರೆ. ಕಾಸ್ಟಿಕ್ ಅಲ್ಯೂಮಿನಿಯಮ್ಮನ್ನು ತಿಂದುಬಿಡುತ್ತದೆ.

ಸಿಕ್ಕ ಬಣ್ಣವನ್ನು ಹೊಂದಿಸುವಾಗ ಟ್ಯೂಬ್‌ಲೈಟಿನ ಕೆಳಗೆ ತೀರ್ಮಾನಿಸಬಾರದು. ಟ್ಯೂಬ್‌ಲೈಟಿನಲ್ಲಿ ಒಂದೇ ಎನಿಸಿದ ಎರಡು ಹಸಿರುಗಳು ಅಂಗಳದ ಬೆಳಕಿಗೆ ಬಂದಾಗ ಒಂದು ನೀಲಿಯತ್ತ, ಇನ್ನೊಂದು ಹಳದಿಯತ್ತ ಸರಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಬೆಳಗಿನ ಹೊತ್ತು ನೆರಳಿನಲ್ಲಿ, ಹಳೆಯ ತುಣುಕಿಗೆ ಒಂದು ಹನಿ ನೀರು ಸವರಿ ನೋಡಬೇಕು, ಒದ್ದೆಯಾದಾಗ ಅದರ ನಿಜವಾದ ಗಾಢತೆ ಕಾಣುತ್ತದೆ. ಬಣ್ಣ ಬೆರೆಸುವ ಅಂಗಡಿಯ ಯಂತ್ರಕ್ಕೆ ಸಪಾಟಾದ ಜಾಗ ಬೇಕು, ಎರಕದ ಒರಟು ಮೈಯ ಮೇಲೆ ಅದರ ಓದು ತಪ್ಪುತ್ತದೆ. ಹೀಗಾಗಿ ನಾನು ಐಎಸ್ 5 ಎಂಬ ಭಾರತೀಯ ಮಾನಕದ ಶೇಡ್ ಕಾರ್ಡನ್ನೇ ಹಿಡಿಯುತ್ತೇನೆ. ಅದರಲ್ಲಿ 631 ಎಂದರೆ ಲೈಟ್ ಗ್ರೇ, 537 ಎಂದರೆ ಸಿಗ್ನಲ್ ರೆಡ್, ಹೀಗೆ ಪ್ರತಿ ಬಣ್ಣಕ್ಕೂ ನಂಬರಿದೆ. ಹತ್ತಿರದ ನಂಬರನ್ನು ಗುರುತಿಸಿ, ಅದಕ್ಕೆ ಏನು ಕೂಡಿಸಿದರೆ ಸರಿಹೋಯಿತೆಂಬುದನ್ನು ಬರೆದಿಟ್ಟುಕೊಂಡು, ತಗಡಿನ ಚೂರಿನ ಮೇಲೆ ಹೊಡೆದು ಒಣಗಿಸಿ ನೋಡಿದ ಮೇಲೆಯೇ ಬ್ಲಾಕಿಗೆ ಕೈ ಹಾಕುತ್ತೇನೆ. ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು 42 ಡಿಗ್ರಿ ದಾಟಿದ ಮಧ್ಯಾಹ್ನಗಳಲ್ಲಿ ಸ್ಪ್ರೇ ಗನ್ನಿನಿಂದ ಹೊರಟ ಬಣ್ಣ ಕಬ್ಬಿಣ ಮುಟ್ಟುವ ಮೊದಲೇ ಅರ್ಧ ಒಣಗಿ ಪುಡಿಯಾಗಿ ಕೂರುತ್ತದೆ, ಆದ್ದರಿಂದ ಬೆಳಗಿನ ಜಾವವೇ ಸೂಕ್ತ. ಮ್ಯಾನಿಫೋಲ್ಡಿಗೆ ಮಾತ್ರ ಹೆಚ್ಚು ಶಾಖ ತಡೆಯುವ ಬೇರೆ ಪೇಂಟು ಬೇಕು.

ಇನ್ನೊಂದು ಮಾತನ್ನೂ ಜನ ಕೇಳುತ್ತಾರೆ: ಬಣ್ಣ ಬದಲಾದರೆ ವಿಂಟೇಜ್ ನೋಂದಣಿಗೆ ತೊಡಕೇ? ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿಸಿಕೊಂಡ ವಾಹನಕ್ಕೆ ‘ವಿಎ’ ಅಕ್ಷರಗಳ ನಂಬರ್ ಸಿಗುತ್ತದೆ. ಅಲ್ಲಿ ಅಡ್ಡಿ ಬರುವುದು ಚಾಸಿ, ಬಾಡಿ, ಎಂಜಿನ್‌ಗಳನ್ನು ಗಣನೀಯವಾಗಿ ಮಾರ್ಪಡಿಸಿದರೆ. ಬಣ್ಣದ ಸತ್ಯವನ್ನು ಕಾಯುವ ಹೊಣೆ ನಮ್ಮದೇ.

ಎಲ್ಲಿಯೂ ಒಂದು ಚೂರೂ ಉಳಿದಿಲ್ಲವಾದರೆ, ಅದೇ ವರ್ಷದ, ಇನ್ನೂ ಬಿಚ್ಚದ ಎಂಜಿನ್ ಇರುವ ಕಾರನ್ನು ಹುಡುಕಿಕೊಂಡು ಹೋಗಿ ನೋಡುತ್ತೇನೆ. ಅದೂ ಸಿಗದಿದ್ದರೆ ಸಾದಾ ಬೂದು ಬಣ್ಣ ಹೊಡೆದು, ಕಾರಿನ ಕಾಗದಗಳ ಜೊತೆ ‘ಇದು ಊಹೆಯ ಬಣ್ಣ’ ಎಂದು ಬರೆದ ಚೀಟಿ ಇಡುತ್ತೇನೆ. ಚೂರು ಸಿಕ್ಕ ಎಂಜಿನ್‌ಗಳಲ್ಲಿ ಮಾತ್ರ, ಪೇಂಟರ್ ಚಾಚಾ ಗನ್ ಹಿಡಿಯುವ ಮುಂಚೆ ಬ್ರಾಕೆಟ್ಟಿನ ಹಿಂದಿನ ಆ ನಾಣ್ಯದಗಲದ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ಎಲ್ಲ ಮುಗಿದ ಮೇಲೆ ಟೇಪು ತೆಗೆದು, ಬರಿಯ ಕ್ಲಿಯರ್ ಲ್ಯಾಕರ್ ಹಚ್ಚಿ ಬ್ರಾಕೆಟ್ ಬಿಗಿಸುತ್ತೇನೆ. ಮುಂದೆ ಅದನ್ನು ಬಿಚ್ಚುವವರಿಗೆ ಕಾರ್ಖಾನೆಯ ಬಣ್ಣವೂ ನನ್ನ ಬಣ್ಣವೂ ಪಕ್ಕಪಕ್ಕದಲ್ಲೇ ಕಾಣಲಿ.